ರೋಮ್‌ಗೆ ಹೋದ ಎಂಜಿನಿಯರ್ ಸ್ಟೀಮ್ ಎಂಜಿನ್ ಯಾಕೆ ಮಾಡಲಿಲ್ಲ?

ಹಾಸನದ ಓದುಗರೊಬ್ಬರ ಪತ್ರ: "ನಿಮ್ಮ ಕಾಲಯಾನದ ಧಾರಾವಾಹಿಯ ಎಂಜಿನಿಯರ್ ಕ್ರಿ.ಶ. 64ರ ರೋಮ್ ತಲುಪಿ ಮೂರು ಕಂತಾಯಿತು. ಸುಮ್ನೆ ಬೀದಿ ಸುತ್ತುತ್ತಿದ್ದಾನೆ. ಒಂದು ಸ್ಟೀಮ್ ಎಂಜಿನ್ ಮಾಡಿ ತೋರಿಸಬಾರದೇ? ಚಿತ್ರದಲ್ಲಿ ಕೊಲೋಸಿಯಮ್ ಕೂಡ ಇಲ್ಲ. ಸಾಹಸ ಎಲ್ಲಿ?"

ಸಂಪಾದಕರ ಉತ್ತರ:

ನಮಸ್ಕಾರ. ಕೊಲೋಸಿಯಮ್ ಉದ್ಘಾಟನೆಯಾಗಿದ್ದು 80ರಲ್ಲಿ. ನಮ್ಮ ಹುಡುಗ ಹೋಗಿರುವುದು ಚಕ್ರವರ್ತಿ ನೀರೋ ಕಾಲಕ್ಕೆ, ಹಾಗಾಗಿ ಚಿತ್ರದಲ್ಲಿ ಅದು ಇರುವಂತಿಲ್ಲ.

ಇನ್ನು ಸ್ಟೀಮ್ ಎಂಜಿನ್. ಹಬೆಯಿಂದ ಗೋಳ ತಿರುಗಿಸುವ ಉಪಾಯವನ್ನು ಅಲೆಕ್ಸಾಂಡ್ರಿಯದ ಹೀರೋ ಎಂಬ ಗಣಿತಜ್ಞ ಅದೇ ಶತಮಾನದಲ್ಲಿ ಬರೆದಿಟ್ಟಿದ್ದಾನೆ. ಪಿಸ್ಟನ್ ಇರುವ ಕಂಚಿನ ಪಂಪ್ ಕೂಡ ರೋಮನ್ನರ ಹತ್ತಿರ ಇತ್ತು. ಅಂದರೆ ಬುದ್ಧಿಗೆ ಕೊರತೆ ಇರಲಿಲ್ಲ. ಆದರೆ ಗಣಿಯ ನೀರೆತ್ತುವಷ್ಟು ದೊಡ್ಡ ಎಂಜಿನ್‌ಗೆ ಹಬೆ ಸೋರದ ದೊಡ್ಡ ಸಿಲಿಂಡರ್ ಬೇಕು, ಅದನ್ನು ಅಗ್ಗವಾಗಿ ಮಾಡಲು ಎರಕದ ಕಬ್ಬಿಣ ಬೇಕು, ರೋಮನ್ನರ ಕುಲುಮೆಯಲ್ಲಿ ಬರುತ್ತಿದ್ದುದು ಸುತ್ತಿಗೆಯಿಂದ ಬಡಿಯಬೇಕಾದ ಮುದ್ದೆ ಕಬ್ಬಿಣ, ಕರಗಿಸಿ ಅಚ್ಚಿಗೆ ಸುರಿಯುವಂಥದ್ದಲ್ಲ. ಜೇಮ್ಸ್ ವಾಟ್‌ಗೇ ಸರಿಯಾದ ಸಿಲಿಂಡರ್ ಸಿಕ್ಕಿದ್ದು ಇಂಗ್ಲೆಂಡಿನ ಕಬ್ಬಿಣ ಉದ್ಯಮಿ ವಿಲ್ಕಿನ್ಸನ್ 1774ರಲ್ಲಿ ಕೊರೆಯುವ ಯಂತ್ರ ಮಾಡಿದ ಮೇಲೆ. ಒಬ್ಬನೇ ಹುಡುಗ, ಬರಿಗೈ, ಪಕ್ಕದಲ್ಲಿ ಒಬ್ಬ ಫಿಟ್ಟರ್ ಕೂಡ ಇಲ್ಲ. ಎರಡೇ ಪುಟದಲ್ಲಿ ಎಂಜಿನ್ ಓಡಿಸಿಬಿಟ್ಟಿದ್ದರೆ ನೀವೇ ನಂಬುತ್ತಿರಲಿಲ್ಲ, ಅಲ್ವಾ?

ಬೀದಿ ಸುತ್ತಾಟ ನನಗಂತೂ ತುಂಬಾ ಇಷ್ಟ. ಅಲ್ಲಿ ಟೊಮೇಟೊ ಇಲ್ಲ, ಹಸಿಮೆಣಸಿನಕಾಯಿ ಇಲ್ಲ, ಆಲೂಗಡ್ಡೆ ಇಲ್ಲ. ಆದರೆ ಮಲಬಾರ್ ಕರಾವಳಿಯಿಂದ ಹಡಗಿನಲ್ಲಿ ಬಂದ ಕಾಳುಮೆಣಸು ಇದೆ! ಆ ಅಂಗಡಿಯ ಮುಂದೆ ಅವನು ನಿಂತುಬಿಡುವ ಪ್ಯಾರಾ ಇನ್ನೊಮ್ಮೆ ಓದಿ. ಆ ವ್ಯಾಪಾರದ ಕಾಲದ ರೋಮನ್ ಬೆಳ್ಳಿ ನಾಣ್ಯಗಳು ನಮ್ಮ ಯಶವಂತಪುರದಲ್ಲೂ ಸಿಕ್ಕಿವೆ.

ಸಾಹಸ ಎಲ್ಲಿ ಅಂತೀರಿ. ಅವನು ಬಂದಿಳಿದಿರುವ ವರ್ಷ ನೋಡಿ. ಜುಲೈ 18ರ ರಾತ್ರಿ ಸರ್ಕಸ್ ಮ್ಯಾಕ್ಸಿಮಸ್ ಎಂಬ ರಥದೋಟದ ಮೈದಾನದ ಪಕ್ಕದ ಅಂಗಡಿಗಳಿಂದ ಬೆಂಕಿ ಹತ್ತುತ್ತದೆ, ಆರು ದಿನ ಉರಿಯುತ್ತದೆ, ಊರಿನ 14 ವಲಯಗಳಲ್ಲಿ ಪೂರ್ತಿ ಉಳಿಯುವುದು ನಾಲ್ಕೇ. ಇದು ಗೊತ್ತಿರುವುದು ಅವನೊಬ್ಬನಿಗೆ. ಬೆಂಕಿ ಆರಿಸುವ ಕಾವಲುಪಡೆ ಅಲ್ಲಿದೆ, ಅಗಸ್ಟಸ್ ಕಾಲದಿಂದಲೂ ಇದೆ. ಹೋಗಿ ಹೇಳಬಹುದು. ಆದರೆ ತೊದಲು ಲ್ಯಾಟಿನ್ ಮಾತಾಡುವ ಪರದೇಶಿಯೊಬ್ಬ ಇಂಥ ರಾತ್ರಿ ಇಂಥ ಕಡೆ ಬೆಂಕಿ ಬೀಳುತ್ತದೆ ಅಂತ ಮೊದಲೇ ಹೇಳಿ, ಅದು ಹಾಗೇ ಆಗಿಬಿಟ್ಟರೆ, ಅವರು ಹಿಡಿಯುವುದು ಯಾರನ್ನ? ನೀರೋ ಆಗ ತಪ್ಪು ಹೊರಿಸಲು ಜನರನ್ನು ಹುಡುಕುತ್ತಿದ್ದ, ಕ್ರೈಸ್ತರನ್ನು ಹಿಡಿದು ಕೊಲ್ಲಿಸಿದ. ಬಾಯಿ ಬಿಟ್ಟರೆ ನಮ್ಮ ಹುಡುಗನ ಜೀವ, ಬಿಡದಿದ್ದರೆ ಅವನಿಗೆ ಅನ್ನ ಹಾಕಿದ ಮನೆ. ಮುಂದಿನ ಕಂತಿನಲ್ಲಿ ಅವನು ಬಾಯಿ ಬಿಡುತ್ತಾನೆ. ಓದಿ, ಮತ್ತೆ ಬರೆಯಿರಿ.