‘ಬೆರಗಾದರು’ ಎಂದು ಬರೆದಿದ್ದೀರಿ, ಯಾರು?

ನಮಸ್ಕಾರ.

ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ಲಿನಿಯನ್ ಸೊಸೈಟಿ ಎಂಬ ನಿಸರ್ಗವಿಜ್ಞಾನ ಸಂಘದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸರಾಗವಾಗಿದೆ, ವಿಷಯವೂ ಒಳ್ಳೆಯದು. ಆದರೆ ಎರಡನೇ ಪುಟ ಓದುತ್ತಾ ರೇಗಿಹೋಯಿತು. ಅದಷ್ಟನ್ನೇ ಹೇಳುತ್ತೇನೆ.

“1827ರ ಮಾರ್ಚ್ 27ರಂದು ಯುವ ಡಾರ್ವಿನ್ ಮಹತ್ವದ ಸಂಶೋಧನೆ ಮಂಡಿಸಿದಾಗ ಎಲ್ಲರೂ ಬೆರಗಾದರು.” ಯಾವ ಸಂಶೋಧನೆ ಎಂದು ಎಲ್ಲೂ ಹೇಳಿಲ್ಲವಲ್ಲ! ಹದಿನೆಂಟರ ಹುಡುಗ ಅಂದು ತಿಳಿಸಿದ್ದು ಎರಡು ಪುಟ್ಟ ಸಂಗತಿ. ಫ್ಲಸ್ಟ್ರಾ ಎಂಬುದು ಪಾಚಿಯ ಎಲೆಯಂತೆ ಕಾಣುವ, ಸೂಕ್ಷ್ಮ ಕಡಲಜೀವಿಗಳ ಗುಂಪು. ಅದರ ‘ಮೊಟ್ಟೆ’ಗಳು ಸಿಲಿಯಾ ಎಂಬ ಕೂದಲಿನಂಥ ಸೂಕ್ಷ್ಮ ಎಳೆಗಳನ್ನು ಬಡಿಯುತ್ತಾ ತಾವೇ ಚಲಿಸುತ್ತವೆ ಎಂಬುದು ಒಂದು. ಇನ್ನೊಂದು, ಸಿಂಪಿ ಚಿಪ್ಪಿಗೆ ಅಂಟಿರುವ ಕಪ್ಪು ಗುಂಡುಗಳದ್ದು. ಬೆಸ್ತರು ಅವನ್ನು ದೊಡ್ಡ ಮೆಣಸಿನಕಾಳು ಎನ್ನುತ್ತಿದ್ದರು, ಪಂಡಿತರು ಕಡಲಪಾಚಿಯ ಮರಿ ಎಂದುಕೊಂಡಿದ್ದರು. ಅವು ಪಾಂಟೊಬ್ಡೆಲ್ಲಾ ಎಂಬ ಕಡಲಜಿಗಣೆಯ ಮೊಟ್ಟೆಕೋಶಗಳು. ಇದು ಬಂದರೆ ‘ಮಹತ್ವದ’ ಎಂಬ ಮಾತೇ ಬೇಕಿಲ್ಲ. ಮೂರು ದಿನ ಮೊದಲೇ ಡಾರ್ವಿನ್‌ನ ಮಾರ್ಗದರ್ಶಿ ರಾಬರ್ಟ್ ಗ್ರಾಂಟ್ ಈ ಮೊಟ್ಟೆಕೋಶದ ವಿಷಯವನ್ನು ಎಡಿನ್‌ಬರೋದ ಇನ್ನೊಂದು ನಿಸರ್ಗವಿಜ್ಞಾನ ಸಂಘವಾದ ವರ್ನೇರಿಯನ್ ಸೊಸೈಟಿಯಲ್ಲಿ ಹೇಳಿಬಿಟ್ಟಿದ್ದರು. ಬೆರಗಿನ ಮಾತಿಗಿಂತ ರುಚಿಯಾದ ಈ ಸಂಗತಿ ನಿಮ್ಮಲ್ಲಿಲ್ಲ.

ನಾನು ಕೆಲಸ ಕಲಿತ ಡೆಸ್ಕಿನಲ್ಲಿ ಹಿರಿಯರು ಇಂಥ ಕ್ರಿಯಾಪದಗಳ ಕೆಳಗೆ ಗೆರೆ ಎಳೆದು, “ಕಂಡವರು ಯಾರಪ್ಪ?” ಎನ್ನುತ್ತಿದ್ದರು. ಆ ಚಟ ನನಗೂ ಅಂಟಿದೆ.

“ಪ್ರೊಫೆಸರ್ ಜೇಮ್ಸನ್ ಸ್ಥಾಪಿಸಿದ ಸಂಘ.” ಜೇಮ್ಸನ್ ಅಲ್ಲಿ ನಿಸರ್ಗವಿಜ್ಞಾನದ ಪ್ರಾಧ್ಯಾಪಕ. ಈ ಮಾತು ಬಂದಿದ್ದು ಡಾರ್ವಿನ್ 1876ರಲ್ಲಿ ಬರೆದ ಆತ್ಮಕಥನದಿಂದ. ಅಲ್ಲಿ ಆತನೇ ‘ನನ್ನ ನಂಬಿಕೆ’ ಎಂದು ಸೇರಿಸಿದ್ದಾನೆ, ನೀವು ಅದನ್ನು ಕೈಬಿಟ್ಟಿದ್ದೀರಿ. ಸಂಘ ಶುರುವಾದದ್ದು 1823ರಲ್ಲಿ, ಆತ ಸೇರಿದ್ದು 1826ರ ನವೆಂಬರಿನಲ್ಲಿ.

“ಬ್ರೌನ್ ಪ್ರಬಂಧದ ದಾಖಲೆಯನ್ನು ಸುಟ್ಟುಹಾಕಲಾಯಿತು.” ಸುಡಲಿಲ್ಲ. ಮನಸ್ಸೂ ಭೌತಿಕವೇ ಎಂದು ಸಂಘದ ಸದಸ್ಯ ವಿಲಿಯಂ ಬ್ರೌನ್ ಮಾರ್ಚ್ 27ರ ಅದೇ ಸಭೆಯಲ್ಲಿ ವಾದಿಸಿದ್ದ. ನಡಾವಳಿ ಪುಸ್ತಕದಲ್ಲಿ ಆ ಭಾಗಕ್ಕೆ ಗೆರೆ ಹೊಡೆದರು. ಗೆರೆಯ ಕೆಳಗಿನ ಅಕ್ಷರ ಇಂದಿಗೂ ಓದಲು ಬರುತ್ತದೆ, ಆದ್ದರಿಂದಲೇ ನಮಗೆ ವಿಷಯ ಗೊತ್ತು.

ತಿದ್ದುವಾಗ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ನಡಾವಳಿಯಲ್ಲಿ ಇರುವುದು, ಡಾರ್ವಿನ್ ಆಗಲೇ ಟಿಪ್ಪಣಿ ಪುಸ್ತಕದಲ್ಲಿ ಬರೆದದ್ದು, ಮುಪ್ಪಿನಲ್ಲಿ ನೆನೆದದ್ದು. ನಿಮ್ಮ ಪ್ರತಿ ವಾಕ್ಯ ಯಾವ ಕಾಲಮಿನದೆಂದು ಗುರುತು ಹಾಕಿ. ಸಂಘ ಸಭೆ ಸೇರುತ್ತಿದ್ದ ನೆಲಮಾಳಿಗೆಯ ಕೋಣೆಯ ಮಾತು ಮೂರನೆಯದಕ್ಕೆ ಹೋಗುತ್ತದೆ. ‘ಬೆರಗಾದರು’ ಎಲ್ಲಿಗೂ ಹೋಗುವುದಿಲ್ಲ, ತೆಗೆದುಬಿಡಿ.

ಎರಡನೇ ಪುಟ ಹೊಸದಾಗಿ ಬರೆದು ಕಳಿಸಿ. ಉಳಿದದ್ದನ್ನು ಆಮೇಲೆ ನೋಡೋಣ.

— ಸಂ.