ಬೈಂಡೆಕ್ಸ್‌ಗೆ ವಿಳಾಸಗಳನ್ನು ಅಂಟಿಸಿ ಕೊಡಿ, ಅರೇ ಹಾಗೇ ಕೊಡಬೇಡಿ

ನಿಮ್ಮ ಕೋಡ್ ನೋಡಿದೆ. ಎಸ್‌ಸಿಟಿಪಿ ಅಂದರೆ ಒಂದೇ ಸಂಪರ್ಕಕ್ಕೆ ಹಲವು ಐಪಿ ವಿಳಾಸ ಬಳಸಬಲ್ಲ ನೆಟ್‌ವರ್ಕ್ ಪ್ರೋಟೋಕಾಲ್; ಅದರ ಸಾಕೆಟ್‌ಗೆ ಹಲವು ವಿಳಾಸ ಕಟ್ಟುವ ಫಂಕ್ಷನ್ ಎಸ್‌ಸಿಟಿಪಿ_ಬೈಂಡೆಕ್ಸ್. ನೀವು ಸಾಕ್‌ಅಡರ್_ಸ್ಟೋರೇಜ್ (ಐಪಿವಿ4, ಐಪಿವಿ6 ಯಾವುದನ್ನೂ ಹಿಡಿಯುವ ದೊಡ್ಡ ಸ್ಟ್ರಕ್ಚರ್) ಅರೇಯಲ್ಲಿ ಎರಡು ಐಪಿವಿ4 ವಿಳಾಸ ತುಂಬಿ ಅದಕ್ಕೆ ಕೊಟ್ಟಿದ್ದೀರಿ. ವಿಳಾಸಗಳ ಎಣಿಕೆ 1 ಇದ್ದರೆ ಸರಿ, 2 ಮಾಡಿದರೆ 'ಇನ್‌ವ್ಯಾಲಿಡ್ ಆರ್ಗ್ಯುಮೆಂಟ್' ಅಂತ ದೋಷ. ಕರ್ನಲ್ ಹಳೆಯದಿರಬಹುದಾ ಅಂತ ಕೇಳಿದ್ದೀರಿ. ಅಲ್ಲ. ದಯವಿಟ್ಟು ಕರ್ನಲ್ ಬದಲಿಸಲು ಹೋಗಬೇಡಿ.

ಇದೇ ತಪ್ಪು ನನ್ನ ಮೂರು ದಿನ ತಿಂದಿದೆ. ನನ್ನದು ಮೊದಲು ಬರೀ ಸಾಕ್‌ಅಡರ್_ಇನ್ (ಐಪಿವಿ4ಕ್ಕೆ ಮಾತ್ರದ ಸ್ಟ್ರಕ್ಚರ್) ಅರೇ. ಅದರಲ್ಲಿ ವಿಳಾಸಗಳು ತಾವಾಗೇ ನಡುವೆ ಜಾಗವಿಲ್ಲದೆ ಒತ್ತಾಗಿರುತ್ತವೆ, ಹಾಗಾಗಿ ತಿಂಗಳುಗಟ್ಟಲೆ ಓಡಿತು. ಒಂದು ಐಪಿವಿ6 ಸೇರಿಸೋಣ ಅಂತ ಸ್ಟೋರೇಜ್‌ಗೆ ಬದಲಿಸಿದೆ, ಅಲ್ಲಿಗೆ ನಿಂತಿತು. ರೂಟಿಂಗ್ ನೋಡಿದೆ, ಫೈರ್‌ವಾಲ್ ನೋಡಿದೆ, ಎಲ್ಲಾ ಸುಮ್ನೆ. ಲೈಬ್ರರಿಯ ಸೋರ್ಸ್ ತೆಗೆದು ಓದಿದ ಮೇಲೇ ಗೊತ್ತಾಗಿದ್ದು. ಅದು ಮೊದಲ ವಿಳಾಸದ ಫ್ಯಾಮಿಲಿ (ವಿಳಾಸದ ಬಗೆ ಹೇಳುವ ಸಂಖ್ಯೆ) ನೋಡಿ, ಐಪಿವಿ4 ಆದರೆ 16 ಬೈಟ್, ಐಪಿವಿ6 ಆದರೆ 28 ಬೈಟ್ ಮುಂದೆ ಹೋಗಿ ಎರಡನೆಯದನ್ನು ಹುಡುಕುತ್ತದೆ. ಲಿನಕ್ಸ್‌ನಲ್ಲಿ ಸ್ಟೋರೇಜ್ 128 ಬೈಟ್. ನಿಮ್ಮ ಎರಡನೇ ವಿಳಾಸ ಕೂತಿರೋದು 128ನೇ ಬೈಟ್‌ನಲ್ಲಿ. 16ನೇ ಬೈಟ್‌ನಲ್ಲಿ ಇರೋದು ಮೆಮ್‌ಸೆಟ್ ಹಾಕಿದ ಸೊನ್ನೆ. ಫ್ಯಾಮಿಲಿ ಸೊನ್ನೆ ಅಂದರೆ ತಿರಸ್ಕಾರ, ಅಷ್ಟೇ.

ನಾನು ಮಾಡೋದು ಹೀಗೆ. ಒಂದು ಕ್ಯಾರ್ ಬಫರ್, ಒಂದು ಪಾಯಿಂಟರ್. ಪ್ರತಿ ವಿಳಾಸಕ್ಕೂ ಅದರ ನಿಜವಾದ ಅಳತೆಯಷ್ಟೇ ಮೆಮ್‌ಕಾಪಿ, ಪಾಯಿಂಟರ್ ಅಷ್ಟೇ ಮುಂದಕ್ಕೆ. ಎಲ್ಲದರಲ್ಲೂ ಪೋರ್ಟ್ ಒಂದೇ ಇರಬೇಕು. ಪೋರ್ಟ್ 0 ಬೇಕಿದ್ದರೆ ಮೊದಲ ವಿಳಾಸಕ್ಕೆ ಬೈಂಡ್ ಮಾಡಿ, ಗೆಟ್‌ಸಾಕ್‌ನೇಮ್‌ನಿಂದ ಸಿಕ್ಕ ಪೋರ್ಟನ್ನು ಉಳಿದವಕ್ಕೆ ಹಾಕಿ. ಐಪಿವಿ4 ಮತ್ತು ಐಪಿವಿ6 ಬೆರೆಸೋದಾದರೆ ಸಾಕೆಟ್ ಐಪಿವಿ6ದೇ ಆಗಿರಲಿ, ವಿ6ಓನ್ಲಿ (ಐಪಿವಿ6 ಮಾತ್ರ ಅನ್ನುವ ಸಾಕೆಟ್ ಆಯ್ಕೆ) ಆಫ್ ಇರಲಿ.

ಈ ಚರ್ಚೆಯಲ್ಲಿ ಮೇಲೆ ಒಬ್ಬರು 'ಬೈಂಡ್ ಎರಡು ಸಲ ಕರೆಯಿರಿ' ಅಂದಿದ್ದಾರೆ. ಓಡಿಸಿ ನೋಡದೆ ಇಂಥದ್ದು ಹೇಳಬೇಡಿ, ಹೊಸಬರು ನಂಬುತ್ತಾರೆ. ಒಂದೇ ಸಾಕೆಟ್‌ಗೆ ಎರಡನೇ ಬೈಂಡ್ ಲಿನಕ್ಸ್ ಒಪ್ಪಲ್ಲ. ಇನ್ನೊಬ್ಬರ ಐಎನ್‌ಅಡರ್_ಎನಿ (ಯಂತ್ರದ ಎಲ್ಲಾ ವಿಳಾಸಕ್ಕೂ ಬೈಂಡ್ ಮಾಡು ಅನ್ನೋದು) ಸಲಹೆ ಕೆಲಸ ಮಾಡುತ್ತದೆ, ಆದರೆ ಮ್ಯಾನೇಜ್‌ಮೆಂಟ್ ನೆಟ್‌ವರ್ಕ್‌ನ ವಿಳಾಸವೂ ಎದುರಿನವರಿಗೆ ಹೋಗಬಹುದು. ಅದು ಬೇಡ ಅಂತಲೇ ಅಲ್ವಾ ಬೈಂಡೆಕ್ಸ್ ಬಳಸೋದು? ಸಂಪರ್ಕ ಶುರು ಮಾಡುವ ಇನಿಟ್ ಚಂಕ್‌ನಲ್ಲಿ ಯಾವ ವಿಳಾಸಗಳು ಹೋಗುತ್ತಿವೆ ಅಂತ ವೈರ್‌ಶಾರ್ಕ್‌ನಲ್ಲಿ (ಪ್ಯಾಕೆಟ್ ನೋಡುವ ಸಾಧನ) ಒಮ್ಮೆ ನೋಡಿಬಿಡಿ.

ವಿಳಾಸ ತೆಗೆಯೋದೂ ಬೈಂಡೆಕ್ಸ್‌ನಿಂದಲೇ, ರೆಮ್ ಫ್ಲ್ಯಾಗ್ ಹಾಕಿ. ಕೊನೆಗೆ ಉಳಿದ ಒಂದೇ ವಿಳಾಸವನ್ನು ಮಾತ್ರ ಅದು ತೆಗೆಯಲು ಬಿಡಲ್ಲ. ಸಂಪರ್ಕ ಆದ ಮೇಲೆ ಸೇರಿಸಿದ್ದು ಎದುರಿಗೆ ತಲುಪಬೇಕಾದರೆ ಎರಡೂ ಕಡೆ ಸಿಸ್‌ಕಂಟ್ರೋಲ್‌ನಲ್ಲಿ (ಕರ್ನಲ್ ಸೆಟ್ಟಿಂಗ್ ಬದಲಿಸುವ ಕಡೆ) ಆಡ್‌ಐಪಿ_ಎನೇಬಲ್ ಮತ್ತು ಆಥ್_ಎನೇಬಲ್ 1 ಮಾಡಿ. ಆಡ್‌ಐಪಿ ಮೊದಲಿಗೆ 0 ಇರುತ್ತದೆ.

ಸಾಕೆಟ್‌ಗೆ ಕಟ್ಟಿದ ವಿಳಾಸ ಕೇಳಿದಾಗ ಗೆಟ್‌ಎಲ್‌ಅಡರ್ಸ್ ಕೊಟ್ಟ ಪಟ್ಟಿಯನ್ನು ಬರೀ ಫ್ರೀ ಮಾಡಬೇಡಿ, ಫ್ರೀಎಲ್‌ಅಡರ್ಸ್ ಕರೆಯಿರಿ. ಆ ಪಾಯಿಂಟರ್ ದೊಡ್ಡ ಬ್ಲಾಕ್‌ನ ನಡುವಿನದು. ನಿಮ್ಮ ಕೋಡ್‌ನ ಕೊನೆಯಲ್ಲಿ ಬರೀ ಫ್ರೀ ಮಾಡಿದ ಆ ತಪ್ಪೂ ಇದೆ, ಈಗಲೇ ತಿದ್ದಿ.