ಸಮುದ್ರಕ್ಕೆಲ್ಲಿಯ ಪಹಣಿ?

ಯಲಬುರ್ಗಾ ತಾಲ್ಲೂಕಿನ ಹಿರಿಯ ರೈತರೊಬ್ಬರು ಇನ್‌ಲ್ಯಾಂಡ್ ಲೆಟರಿನ ಅಂಚೂ ಬಿಡದೆ ಬರೆದಿದ್ದಾರೆ. ಹೋದ ಸಂಚಿಕೆಯಲ್ಲಿ ಕಡಲ ಗಾಳಿಯಿಂದ ಕರೆಂಟು ತೆಗೆಯುವ ಬಗ್ಗೆ ನಾವು ಹಾಕಿದ್ದ ಲೇಖನ ಅವರಿಗೆ ಸಿಟ್ಟು ತರಿಸಿದೆ. ಅವರ ಮಾತಿನಲ್ಲೇ ಒಂದಿಷ್ಟು:

“ನಮ್ಮ ಎರಿ ಹೊಲದಾಗ ಎರಡು ಫ್ಯಾನು ನಿಂತಾವ. ಜೋಳದ ನಡುವ ಹಾದಿ ಬಿದ್ದೈತಿ. ನೀವು ನೋಡಿದ್ರ ಸಮುದ್ರದಾಗ ಫ್ಯಾನು ಹಾಕೂದರ ಬಗ್ಗೆ ನಾಕು ಪುಟ ಬರದೀರಿ. ಅಲ್ಲಿ ಗಾಳಿ ಅಷ್ಟು ಚಲೋ ಇದ್ರ ಎಲ್ಲಾನೂ ಅಲ್ಲೇ ಹಾಕ್ಲಿ, ನಮ್ಮ ಭೂಮಿ ಯಾಕ ಬೇಕು? ಏಳು ಸಾವಿರ ಕೋಟಿ ನೀರಿಗೆ ಸುರಿಯೋರಿಗೆ ನಮಗ ಹಗಲೊತ್ತು ತ್ರೀಫೇಸ್ ಕೊಡಾಕ ಆಗಂಗಿಲ್ಲೇನು? ಇನ್ನೊಂದು, ನನ್ನ ಮೊಮ್ಮಗಳು ಕೇಳಾಕತ್ಯಾಳ, ಸಮುದ್ರದಾಗ ಕಂಬ ಬಡದ್ರ ಮೀನಿಗೆ ಸಪ್ಪಳ ಕೇಳ್ತೈತೇನು ಅಂತ. ಅದಕ್ಕಾದ್ರೂ ಉತ್ತರ ಬರೀರಿ.”

ಹಿರಿಯರೇ, ಶರಣು.

ಮೊದಲು ನಮ್ಮದೊಂದು ತಪ್ಪು ಒಪ್ಪಿಕೊಳ್ಳುತ್ತೇನೆ. ನೀವು ಹಿಡಿದಿಲ್ಲ, ಆದರೆ ಇದೆ. ಕಡಲ ಗಾಳಿಯಿಂದ 2022ಕ್ಕೆ 5 ಗಿಗಾವ್ಯಾಟ್ (ಒಂದು ಗಿಗಾವ್ಯಾಟ್ ಅಂದರೆ ಸಾವಿರ ಮೆಗಾವ್ಯಾಟ್), 2030ಕ್ಕೆ 30 ಗಿಗಾವ್ಯಾಟ್ ಎಂಬ ದೇಶದ ಗುರಿಯನ್ನು ಲೇಖನದಲ್ಲಿ ಅಚ್ಚು ಹಾಕಿದೆವು. 2018ರಲ್ಲಿ ಸರ್ಕಾರ ಹಾಗೆ ಹೇಳಿದ್ದು ಹೌದು. 2022 ಬಂದು ಹೋದರೂ ನಮ್ಮ ಕಡಲಲ್ಲಿ ಒಂದು ಫ್ಯಾನೂ ನಿಲ್ಲಲಿಲ್ಲ ಎಂಬ ಸಾಲನ್ನು ಅದರ ಕೆಳಗೇ ಬರೆಯಬೇಕಿತ್ತು, ಬರೆಯಲಿಲ್ಲ. ಪ್ರಕಟಣೆಯಿಂದ ಎತ್ತಿ ಇಳಿಸಿದ್ದರ ಫಲ.

ಇನ್ನು ನಿಮ್ಮ ಪ್ರಶ್ನೆ. ಸಮುದ್ರದ ಗಾಳಿ ನಮ್ಮ ಆಷಾಢದ ಗಾಳಿಗಿಂತ ಚಲೋ ಹೌದೇ? ಹೌದು. ಅಲ್ಲಿ ಗುಡ್ಡವಿಲ್ಲ, ಗಿಡವಿಲ್ಲ, ಗಾಳಿಯನ್ನು ತಡೆದು ತಿರುಚುವುದು ಏನೂ ಇಲ್ಲ. ಗಾಳಿಯ ವೇಗ ಸ್ವಲ್ಪ ಏರಿದರೂ ಅದರಲ್ಲಿರುವ ಶಕ್ತಿ ಬಹಳ ಏರುತ್ತದೆ. ಸೆಕೆಂಡಿಗೆ 7 ಮೀಟರ್ ಬೀಸುವ ಗಾಳಿಗಿಂತ 9 ಮೀಟರಿನದರಲ್ಲಿ ದುಪ್ಪಟ್ಟು. ನಮ್ಮ ರಾಜ್ಯಕ್ಕೂ ಕರಾವಳಿ ಇದ್ದರೂ ಅಧ್ಯಯನ ಮಾಡಿದವರು ಆರಿಸಿದ್ದು ಗುಜರಾತ್ ಮತ್ತು ತಮಿಳುನಾಡನ್ನು, ಎರಡೂ ಕಡೆ ಎಂಟೆಂಟು ವಲಯ. 2017ರಲ್ಲಿ ಗುಜರಾತಿನ ಪೀಪಾವಾವ್ ಬಂದರಿನಾಚೆ, ಖಂಭಾತ್ ಕೊಲ್ಲಿಯಲ್ಲಿ, ಲೇಸರ್ ಬಿಟ್ಟು ಗಾಳಿ ಅಳೆಯುವ ಲೈಡಾರ್ ಯಂತ್ರವನ್ನೂ ಇಟ್ಟರು.

ಹಾಗಿದ್ದರೆ ಎಲ್ಲವನ್ನೂ ಅಲ್ಲೇ ಯಾಕೆ ಹಾಕುವುದಿಲ್ಲ? ಇದಕ್ಕೆ ನಾನು ಭಾನಾಪುರ ಕ್ರಾಸಿನಲ್ಲಿ ಕಂಡದ್ದನ್ನು ಹೇಳಬೇಕು.

ಒಂದು ಮಧ್ಯಾಹ್ನ ಅಲ್ಲಿ ಚಹಾ ಕುಡಿಯುತ್ತಿದ್ದೆ. ಕುಕನೂರು ಕಡೆ ತಿರುಗಬೇಕಿದ್ದ ಟ್ರೇಲರ್ ಮೇಲೆ ಒಂದೇ ಒಂದು ರೆಕ್ಕೆ. ಅದರ ಬುಡ ಕ್ರಾಸಿಗೆ ಬಂದಾಗ ತುದಿ ಇನ್ನೂ ಹಿಂದಿನ ಬೇವಿನ ಗಿಡದ ಹತ್ತಿರವೇ ಇತ್ತು. ಹುಡುಗನೊಬ್ಬ ಉದ್ದನೆಯ ಬಿದಿರಿನಿಂದ ಕರೆಂಟಿನ ತಂತಿ ಎತ್ತಿ ಹಿಡಿದಿದ್ದ. ಹಿಂದಿನ ಗಾಲಿಗಳನ್ನು ಬೇರೆಯಾಗಿ ತಿರುಗಿಸಲು ಒಬ್ಬ ರಿಮೋಟ್ ಹಿಡಿದು ಪಕ್ಕದಲ್ಲೇ ನಡೆಯುತ್ತಿದ್ದ. ಚಹಾದಂಗಡಿಯವನು ತನ್ನ ತಗಡಿನ ಚಪ್ಪರವನ್ನೇ ಬಿಚ್ಚಿ ಒಳಗಿಟ್ಟುಕೊಂಡ, ಅಭ್ಯಾಸ ಇದ್ದವನ ಹಾಗೆ. ಆ ಒಂದು ತಿರುವಿಗೆ ಮುಕ್ಕಾಲು ಗಂಟೆ ಹಿಡಿಯಿತು. ಎರಡೂ ಬದಿಗೆ ನಿಂತ ಬಸ್ಸಿನವರ ಬೈಗುಳ ಬೇರೆ.

ನೆಲದ ಮೇಲಿನ ಫ್ಯಾನು ಎಷ್ಟು ದೊಡ್ಡದಾಗಬಹುದು ಎಂಬುದನ್ನು ಬಹುಮಟ್ಟಿಗೆ ಇಂಥ ಕ್ರಾಸುಗಳೇ ತೀರ್ಮಾನಿಸುತ್ತವೆ. ಕಡಲಿಗೆ ಈಗ ಮಾಡುತ್ತಿರುವ 15 ಮೆಗಾವ್ಯಾಟಿನ ಯಂತ್ರದ ಒಂದು ರೆಕ್ಕೆಯೇ 115 ಮೀಟರ್ ದಾಟುತ್ತದೆ. ಅದು ಭಾನಾಪುರದಲ್ಲಲ್ಲ, ಬೆಂಗಳೂರಿನ ರಿಂಗ್ ರೋಡಿನಲ್ಲೂ ತಿರುಗದು. ಅದಕ್ಕೇ ಕಾರ್ಖಾನೆಯೇ ಬಂದರಿನ ಕಟ್ಟೆಗೆ ಬರಬೇಕು. ಆ ಕಟ್ಟೆಗೆ ಸಾವಿರಾರು ಟನ್ ಹೊರುವ ತಾಕತ್ತಿರಬೇಕು. ಆಮೇಲೆ ಹಡಗು. ಸಾದಾ ಹಡಗಲ್ಲ, ಕಾಲುಗಳನ್ನು ಕಡಲ ತಳಕ್ಕೆ ಊರಿ ತನ್ನ ಒಡಲನ್ನೇ ನೀರಿನಿಂದ ಮೇಲೆತ್ತಿಕೊಂಡು ನಿಲ್ಲುವಂಥದ್ದು. ಅಂಥವು ಹೆಚ್ಚಾಗಿ ಯುರೋಪಿನಲ್ಲಿ, ಚೀನಾದಲ್ಲಿ ಇವೆ. ಬಾಡಿಗೆಗೆ ತಂದರೂ ಮುಂಗಾರಿನ ನಾಲ್ಕು ತಿಂಗಳು ನಮ್ಮ ಪಶ್ಚಿಮದ ಕಡಲು ಕೆಲಸಕ್ಕೆ ಬಿಡುವುದಿಲ್ಲ. ಗಾಳಿ ಬಂದಾಗ ತೂರಿಕೋ ಅಂತೀವಿ. ಅಲ್ಲಿ ಗಾಳಿ ಬಂದಾಗ ಕ್ರೇನು ಇಳಿಸಿ ಕೂರಬೇಕು.

ಬುನಾದಿಯೂ ಬೇರೆ. ನಿಮ್ಮ ಹೊಲದಲ್ಲಿ ಎರಿ ಮಣ್ಣು ತೆಗೆದು ಕಬ್ಬಿಣ ಹೆಣೆದು ಕಾಂಕ್ರೀಟು ಸುರಿದದ್ದನ್ನು ನೀವೇ ನೋಡಿರುತ್ತೀರಿ. ಕಡಲಲ್ಲಿ ಸಾಮಾನ್ಯವಾಗಿ ಒಂದು ದೈತ್ಯ ಉಕ್ಕಿನ ಕೊಳವೆಯನ್ನು ಸುತ್ತಿಗೆಯಿಂದ ತಳಕ್ಕೆ ಬಡಿಯುತ್ತಾರೆ. ಖಂಭಾತದ ತಳವೋ ಮೆತ್ತನೆ ಕೆಸರು, ಎರಿ ಹೊಲದಲ್ಲಿ ಮಳೆಗಾಲದಲ್ಲಿ ಗೂಟ ನೆಟ್ಟ ಹಾಗೆ.

ಇಷ್ಟೆಲ್ಲ ಸಿದ್ಧತೆಗೆ ಯಾರು ಮೊದಲು ದುಡ್ಡು ಹಾಕಬೇಕು? ಬಂದರು ಕಟ್ಟುವವನು ಆರ್ಡರ್ ಎಲ್ಲಿ ಅನ್ನುತ್ತಾನೆ, ಫ್ಯಾನು ನಿಲ್ಲಿಸುವವನು ಬಂದರು ಎಲ್ಲಿ ಅನ್ನುತ್ತಾನೆ, ಕರೆಂಟು ಕೊಳ್ಳುವವನು ದರ ಇಳಿಯಲಿ ಅನ್ನುತ್ತಾನೆ. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು. ನೀವು ಬೈದ ಏಳು ಸಾವಿರ ಕೋಟಿ ಈ ಗಂಟು ಬಿಡಿಸಲಿಕ್ಕೆ. 2024ರ ಜೂನಿನಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು 7,453 ಕೋಟಿ ರೂಪಾಯಿ. ಅದರಲ್ಲಿ 600 ಕೋಟಿ ಎರಡು ಬಂದರುಗಳಿಗೆ, ಉಳಿದ 6,853 ಕೋಟಿ ಗುಜರಾತ್ ಮತ್ತು ತಮಿಳುನಾಡಿನಲ್ಲಿ ತಲಾ 500 ಮೆಗಾವ್ಯಾಟಿಗೆ. ಲೆಕ್ಕ ಹಾಕಿ: ಮೆಗಾವ್ಯಾಟಿಗೆ 6.85 ಕೋಟಿ ಬರೀ ಸಹಾಯಧನ. ನಮ್ಮ ಕಡೆ ನೆಲದ ಮೇಲೆ ಒಂದು ಮೆಗಾವ್ಯಾಟ್ ನಿಲ್ಲಿಸುವ ಒಟ್ಟು ಖರ್ಚೇ ಅದರ ಆಸುಪಾಸು. ಕಡಲೊಳಗಿನ ಸಬ್‌ಸ್ಟೇಷನ್ ಮತ್ತು ಕೇಬಲ್ಲಿನ ಹೊಣೆ ಕೇಂದ್ರದ ವಿದ್ಯುತ್ ಸಾಗಣೆ ಕಂಪನಿ ಪವರ್ ಗ್ರಿಡ್‌ನದು, ಅದು ಬೇರೆ.

ಅಷ್ಟು ಕೊಟ್ಟರೂ ಕೆಲಸ ಸುಲಭವಾಗಲಿಲ್ಲ. ಗುಜರಾತಿನ 500 ಮೆಗಾವ್ಯಾಟಿಗೆ 2024ರಲ್ಲಿ ಕರೆದ ಟೆಂಡರಿನ ಗಡುವು ಮುಂದೆ ಮುಂದೆ ಹೋಗಿ, 2025ರಲ್ಲಿ ರದ್ದಾಯಿತು. ಇದು ನಮ್ಮವರ ಆಲಸ್ಯವಷ್ಟೇ ಅಲ್ಲ. ಈ ಕೆಲಸದಲ್ಲಿ ಪಳಗಿದ ಬ್ರಿಟನ್ನಿನಲ್ಲೂ 2023ರ ಹರಾಜಿನಲ್ಲಿ ಕಡಲ ಗಾಳಿಗೆ ಒಬ್ಬರೂ ಕೂಗಲಿಲ್ಲ. ಸರ್ಕಾರ ಇಟ್ಟಿದ್ದ ಗರಿಷ್ಠ ದರ ಗಿಟ್ಟದು ಅಂದರು. ಡೆನ್ಮಾರ್ಕ್ 1991ರಲ್ಲಿ ಜಗತ್ತಿನ ಮೊದಲ ಕಡಲ ಗಾಳಿ ಘಟಕ ಮಾಡಿದಾಗ ಇದ್ದದ್ದು 450 ಕಿಲೋವ್ಯಾಟಿನ 11 ಫ್ಯಾನು, ಎಲ್ಲ ಸೇರಿ 5 ಮೆಗಾವ್ಯಾಟೂ ಇಲ್ಲ. 160 ಮೆಗಾವ್ಯಾಟಿನ ದೊಡ್ಡ ಘಟಕ ಬಂದದ್ದು 2002ರಲ್ಲಿ. ನಾವೋ ಸೊನ್ನೆಯಿಂದ ನೇರ 5 ಗಿಗಾವ್ಯಾಟಿಗೆ ಹಾರುತ್ತೇವೆ ಎಂದು ತಾರೀಖು ಬರೆದುಬಿಟ್ಟೆವು. ಆ ಮೊದಲ 1 ಗಿಗಾವ್ಯಾಟಿಗೆ ದುಡ್ಡು ಹಾಕುವುದು ಸರಿ ಎಂಬುದು ನನ್ನ ಅಭಿಪ್ರಾಯ, ಅದನ್ನು ಕಲಿಕೆಯ ಖರ್ಚು ಎಂದು ಬಾಯಿಬಿಟ್ಟು ಹೇಳಿದರೆ. ಆದರೆ ಅದು ಬಂದರೆ ಕೊಪ್ಪಳದ ಹೊಲ ಉಳಿಯುತ್ತದೆ ಅಂತ ನಾನು ನಿಮಗೆ ಸುಳ್ಳು ಹೇಳಲಾರೆ. ಇಲ್ಲಿ ಅಗ್ಗ, ಇಲ್ಲಿಗೇ ಬರುತ್ತಾರೆ.

ನಿಮ್ಮ ಪತ್ರ ಓದಿದ ಮೇಲೆ ತಲೆ ತಿನ್ನುತ್ತಿರುವುದು ಬೇರೆ ಸಂಗತಿ. ನಿಮ್ಮ ಹೊಲಕ್ಕೆ ಪಹಣಿ ಇದೆ. ಕಂಪನಿಯವರು ನಿಮ್ಮ ಅಂಗಳಕ್ಕೆ ಬಂದು ಕೂತು ಸಹಿ ಹಾಕಿಸಿಕೊಳ್ಳಬೇಕು, ಕಡಿಮೆಯೋ ಹೆಚ್ಚೋ ದುಡ್ಡು ಎಣಿಸಬೇಕು. ಸಮುದ್ರಕ್ಕೆಲ್ಲಿಯ ಪಹಣಿ? ಕಡಲ ತಳವನ್ನು ಗುತ್ತಿಗೆ ಕೊಡಲು 2023ರಲ್ಲಿ ಕೇಂದ್ರ ನಿಯಮ ಮಾಡಿತು. ಗುತ್ತಿಗೆಯ ಹಣ ಸರ್ಕಾರಕ್ಕೆ ಹೋಗುತ್ತದೆ. ತಲೆಮಾರುಗಳಿಂದ ಅದೇ ನೀರಲ್ಲಿ ಬಲೆ ಹಾಕಿದ ತಮಿಳುನಾಡಿನ ಮೀನುಗಾರ ಯಾವ ಕಾಗದ ತೋರಿಸಿಯಾನು? ಅಲ್ಲೇ ಪಕ್ಕದಲ್ಲಿ ಮನ್ನಾರ್ ಕೊಲ್ಲಿಯ ಸಾಗರ ಉದ್ಯಾನ, ಕಡಲ ಹಸು (ನೀರಿನಡಿಯ ಹುಲ್ಲು ತಿನ್ನುವ ದೊಡ್ಡ ಪ್ರಾಣಿ) ಮೇಯುವ ಜಾಗ. ‘ಸಮುದ್ರದಲ್ಲಾದರೆ ಜಮೀನಿನ ತಂಟೆ ಇಲ್ಲ’ ಎಂದು ನಮ್ಮ ಲೇಖನದಲ್ಲೇ ಒಂದು ವಾಕ್ಯವಿತ್ತು. ಆ ವಾಕ್ಯವನ್ನು ಹಿಂದಕ್ಕೆ ಪಡೆಯುತ್ತೇನೆ.

ತ್ರೀಫೇಸಿನ ಮಾತು ಚುಟುಕಾಗಿ. ಆ ಕೋಟಿಗಳು ಉಳಿದರೂ ನಿಮ್ಮ ಪಂಪ್‌ಸೆಟ್ಟಿಗೆ ಹಗಲು ಕರೆಂಟು ಬರುವುದಿಲ್ಲ. ಅದಕ್ಕೆ ಬೇಕಾದ್ದು ನಿಮ್ಮ ಫೀಡರಿನ, ಅಂದರೆ ನಿಮ್ಮ ಪಂಪ್‌ಸೆಟ್ಟುಗಳಿಗೆ ಕರೆಂಟು ತರುವ ಲೈನಿನ, ಬಳಿಯೇ ಸೋಲಾರ್. ಪಿಎಂ ಕುಸುಮ್ ಯೋಜನೆಯ ‘ಸಿ’ ಭಾಗ ಇರುವುದೇ ಇದಕ್ಕೆ. ನಿಮ್ಮ ಫೀಡರ್ ಆ ಪಟ್ಟಿಯಲ್ಲಿದೆಯೇ ಎಂದು ಸೆಕ್ಷನ್ ಆಫೀಸಿನಲ್ಲಿ ಬರಹದಲ್ಲಿ ಕೇಳಿ, ಸ್ವೀಕೃತಿ ತೆಗೆದುಕೊಳ್ಳುವುದನ್ನು ಮರೆಯಬೇಡಿ.

ಮೊಮ್ಮಗಳಿಗೆ ಹೇಳಿ: ಕೇಳುತ್ತದೆ, ಜೋರಾಗಿಯೇ ಕೇಳುತ್ತದೆ. ನೀರಿನಲ್ಲಿ ಸಪ್ಪಳ ಗಾಳಿಗಿಂತ ನಾಲ್ಕು ಪಟ್ಟು ಬೇಗ ಓಡುತ್ತದೆ, ದೂರವೂ ಹೋಗುತ್ತದೆ. ಅದಕ್ಕೇ ಜರ್ಮನಿಯವರು ಕಂಬ ಬಡಿಯುವ ಮೊದಲು ಅದರ ಸುತ್ತ ಕಡಲ ತಳದಲ್ಲಿ ತೂತು ತೂತಾದ ಪೈಪು ಹಾಸಿ ಗಾಳಿ ಊದುತ್ತಾರೆ. ತೂತುಗಳಿಂದ ಎದ್ದ ಗುಳ್ಳೆಗಳು ಸುತ್ತಲೂ ಪರದೆಯ ಹಾಗೆ ಮೇಲೇರಿ, ಸಪ್ಪಳದ ದೊಡ್ಡ ಪಾಲನ್ನು ಒಳಗೇ ಹಿಡಿಯುತ್ತವೆ. ನಿಮ್ಮ ಹೊಲದ ಸ್ಪ್ರಿಂಕ್ಲರ್ ಪೈಪನ್ನು ಬಾವಿಯಲ್ಲಿ ಮುಳುಗಿಸಿ ಒಂದು ತುದಿಯಿಂದ ಊದಿ ತೋರಿಸಿದರೆ ಅವಳಿಗೆ ಗೊತ್ತಾಗುತ್ತದೆ. ಬಾವಿಯ ಹತ್ತಿರ ನೀವೂ ಜೊತೆಗಿರಿ.

— ಸಂಪಾದಕ